ಗಟ್ಟಿಮೇಳಕ್ಕೆ ಹಾರ್ಪ್ಸಿಕಾರ್ಡ್

ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡ ನಾನು, ಯುರೋಪಿನ ಹಳೇ ಕಾಲದ ಸಂಗೀತಕ್ಕೆ ಮತ್ತೆ ಜೀವ ಕೊಡಬಲ್ಲೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವೆಲ್ಲ ನನ್ನ ಹೆಂಡತಿ ನಾಗವೇಣಿಗೇ ಇತ್ತು.

ಗಿರಾಕಿ ಬಾರದ ಮಧ್ಯಾಹ್ನಗಳಿಗೆಂದು ಒಂದು ಕೀಬೋರ್ಡ್ ಕೊಂಡಿದ್ದೆ. ಅದರಲ್ಲಿ ಹಾರ್ಪ್ಸಿಕಾರ್ಡ್ ಎಂಬ ಗುಂಡಿ ಇತ್ತು. ಅದು ಪಿಯಾನೋಗಿಂತ ಹಿಂದಿನ ವಾದ್ಯ. ಅದರ ಕೀಲಿ ಒತ್ತಿದರೆ ಒಳಗೆ ಗರಿಯ ತುಂಡೊಂದು ತಂತಿಯನ್ನು ಮೀಟುತ್ತದೆ. ಅದರ ಕಾಲದ ಶೈಲಿಗೆ ಬರೋಕ್ ಎನ್ನುತ್ತಾರೆ. ಒಂದು ಸ್ವರವನ್ನೂ ಸುಮ್ಮನೆ ಬಿಡದೆ ಕೊಂಕು, ಸುರುಳಿ, ಬಳ್ಳಿ ಎಲ್ಲ ಹಚ್ಚುವುದು. ದಿನವೂ ಗದ್ವಾಲ ಸೀರೆಯ ಸೆರಗು ಬಿಚ್ಚಿ ತೋರಿಸುವವನಿಗೆ ಇದೇನು ಮಹಾ! ವಿಡಿಯೋ ನೋಡಿ ನೋಡಿ ನಾನೇ ಹೊಸ ಕೃತಿಯೊಂದನ್ನು ರಚಿಸಿದೆ. ಬಲಗೈ ಹೇಳಿದ್ದನ್ನೇ ಎಡಗೈ ಹಿಂದಿನಿಂದ ಬಂದು ಮತ್ತೆ ಹೇಳುತ್ತದೆ.

"ಹೆಂಗೈತಿ?" ಎಂದೆ.

"ಹೇಳಿದ್ದನ್ನ ಎಷ್ಟ್ ಸರ್ತಿ ಹೇಳ್ತದರಿ ಅದು? ನಿಮ್ಮವ್ವ ಜಗಳಾ ತೆಗದಂಗ ಐತಿ," ಎಂದಳು ನಾಗವೇಣಿ.

ಅಷ್ಟರಲ್ಲಿ ಅವಳ ಅಣ್ಣನ ಮಗಳು ಸುಮಾಳ ಮದುವೆ ಮಕ್ತಲ್‌ನಲ್ಲಿ ನಿಶ್ಚಯವಾಯಿತು. ತಾಳಿ ಕಟ್ಟುವಾಗ ನನ್ನ ಕೃತಿಯೇ ಮೊಳಗಬೇಕೆಂದು ಹಟ ಹಿಡಿದೆ. "ಮನೀ ಅಳಿಯಂದ್ರ ಮಾತು ಮೀರಾಕ ಆಗ್ತದೇನ್ರಿ," ಎಂದು ಅವಳಣ್ಣ ನಿಟ್ಟುಸಿರು ಬಿಟ್ಟು ಒಪ್ಪಿದರು. ನಾಗವೇಣಿ ಮಾತ್ರ ಬೆರಳೆತ್ತಿದಳು: "ಇರೋದೊಂದ ತವರುಮನಿರಿ. ನಾಳೆ ಅಲ್ಲಿ ನಾ ತಲಿ ಎತ್ತಿ ತಿರಗಾಡಂಗ ಇರಬೇಕು, ನೋಡ್ರಿ!"

ಅಸಲಿ ಹಾರ್ಪ್ಸಿಕಾರ್ಡನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸದ್ದು ಒಂದೇ. ಶುದ್ಧತೆಯಲ್ಲಿ ರಾಜಿ ಇಲ್ಲವೆಂದು ಕೀಬೋರ್ಡನ್ನೂ ಹಾಗೆಯೇ ಹೊಂದಿಸಿದೆ. ಡೊಳ್ಳು, ಸನಾಯಿಯ ಭಜಂತ್ರಿಯವರನ್ನು ಗೌರವಪೂರ್ವಕವಾಗಿ ನಾಷ್ಟಾಕ್ಕೆ ಅಟ್ಟಿದೆ. ಬರೋಕ್ ಎದುರು ಡೊಳ್ಳೇ?

ಮುಹೂರ್ತ ಬಂತು. ವರ ತಾಳಿ ಹಿಡಿದು ಬಗ್ಗಿದ. ಜನ ಅಕ್ಷತೆ ಎತ್ತಿದರು. "ಗಟ್ಟಿಮೇಳ!" ಎಂದರು ಪುರೋಹಿತರು. ಆ ಗಳಿಗೆಯಲ್ಲಿ ಯಾರ ಸೀನೂ ಯಾರ ಕಿವಿಗೂ ಬೀಳಬಾರದೆಂದೇ ನಮ್ಮಲ್ಲಿ ಡೊಳ್ಳು ಗುಡುಗುವುದು. ನಾನು ನುಡಿಸಿದೆ.

ಟಿಣ್ ಟಿಣ್ ಟಿಣ್.

"ಜೋರಾಗಿ ಬಾರಸ್ರಿ!" ಎಂದರು ಪುರೋಹಿತರು. ಇದ್ದ ಒಂದೇ ಮೈಕು ಅವರ ಮುಂದಿತ್ತು. ಗುದ್ದಿದೆ. ಟಿಣ್ ಟಿಣ್. ಮೊಣಕೈ ಊರಿ ಗುದ್ದಿದೆ. ಅಷ್ಟೇ ಟಿಣ್! ಶುದ್ಧತೆ ಅಂದರೆ ಶುದ್ಧತೆ.

ಆಗ ಮುಂದಿನ ಸಾಲಿನಲ್ಲಿದ್ದ ಧರೂರಿನ ಶರಣಪ್ಪ ಕಾಕಾ, ಹುಡುಗಿಯ ಸಣ್ಣಜ್ಜ, ಸೀನಿದರು. ಜುರಾಲಾ ಅಣೆಕಟ್ಟಿನ ಗೇಟು ತೆಗೆದಂತಹ ಸೀನು! ವರನ ಕೈ ಅಲ್ಲೇ ನಿಂತಿತು. ಅವನಪ್ಪ ಎದ್ದು ನಿಂತು "ಆಗಂಡಿ! ಆಗಂಡಿ!" ಎಂದು ತೆಲುಗಿನಲ್ಲಿ ತಡೆದರು. ಸುಮಾಳ ಕಣ್ಣು ತುಂಬಿತು. ನಾನು ಹೆಗಲ ಮೇಲೆ ಕೂಡಿಸಿಕೊಂಡು ತಿರುಗಿಸಿದ ಹುಡುಗಿ ಅದು.

"ಇನ್ನೊಮ್ಮೆ ಮೊದಲಿಂದ ನುಡಿಸಲೇ?" ಎಂದೆ.

"ಕೈ ತೆಗೀರಿ ಮೊದ್ಲ!" ಎಂದಳು ನಾಗವೇಣಿ.

ಮಧ್ಯಾಹ್ನ ಗದ್ವಾಲದಲ್ಲಿ ಇನ್ನೊಂದು ಮದುವೆ ಮಾಡಿಸಬೇಕಿದ್ದ ಪುರೋಹಿತರು ಗಡಿಯಾರ ನೋಡಿ, "ತಾಳಿ ಕೊರಳಿಗೆ ಮುಟ್ಟಿಲ್ಲ, ಸೀನು ಲೆಕ್ಕಕ್ಕಿಲ್ಲ!" ಎಂದು ಶಾಸ್ತ್ರ ಹೇಳಿದರು. ವರನ ಅಪ್ಪ ಗೊಣಗುತ್ತ ಕೂತರು. ಅಷ್ಟರಲ್ಲಿ ಕಾಕಾ ಮತ್ತೆ ಮೂಗು ಮೇಲೆತ್ತಿದರು!

ನಾಗವೇಣಿ ಆರತಿಯ ಹಿತ್ತಾಳೆ ತಾಟು ಕಿತ್ತುಕೊಂಡು ಸೌಟಿನಿಂದ ಬಡಿಯತೊಡಗಿದಳು. ಉಳಿದ ಹೆಂಗಸರೂ ಕೊಡ, ಬೋಗುಣಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದರು. ಭಜಂತ್ರಿಯವರು ಉಪ್ಪಿಟ್ಟಿನ ಕೈಯಲ್ಲೇ ಓಡಿಬಂದು ಡೊಳ್ಳಿಗೆ ಬಿದ್ದರು. ಕಾಕಾನ ತಲೆ ಜೋರಾಗಿ ಅಲುಗಿದ್ದಷ್ಟೇ ಕಂಡಿತು, ಏನೂ ಕೇಳಿಸಲಿಲ್ಲ. ತಾಳಿ ಬಿತ್ತು! ನಾಗವೇಣಿ ತವರಿನಲ್ಲಿ ತಲೆ ಎತ್ತಿಯೇ ತಿರುಗಾಡಿದಳು. ನಾನು ಕೀಬೋರ್ಡಿನ ಡಬ್ಬಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಈಗ ಸುಮಾಳ ತಮ್ಮನ ಮದುವೆ ಬಂದಿದೆ. ತಾಳಿ ಬೀಳುವವರೆಗೆ ಶರಣಪ್ಪ ಕಾಕಾನನ್ನೂ ನನ್ನನ್ನೂ ಹೊರಗೆ ಜೀಪಿನಲ್ಲಿ ಕೂಡಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ನಾನು ಒಪ್ಪಿದೆ. ಕಾಕಾ ಒಪ್ಪಲಿಲ್ಲ.

"ನನ್ನನ್ಯಾಕ ಅವರ ಜೋಡಿ ಹಾಕ್ತೀರಿ?" ಎಂದು ಅವರು ಸಿಟ್ಟಾದರಂತೆ. "ಸೀನು ನನ್ನ ಕೈಯಾಗ ಇರಲಿಲ್ಲ. ಅವರು ಬೇಕಂತ ಬಾರಿಸ್ಯಾರ!"