ಖಣದೊಳಗಿನ ಅರ್ಜಿ

ನನಗೊಂದು ಚಟವಿದೆ: ಅರ್ಜಿ ಬರೆಯುವುದು. ಎದುರು ನಿಂತು ಒಂದು ಮಾತಿನಲ್ಲಿ ಕೇಳಬಹುದಾದದ್ದನ್ನೂ ‘ಮಾನ್ಯರೇ’ ಎಂದು ಶುರುಮಾಡಿ ಮೂರು ಪುಟ ಎಳೆಯುತ್ತೇನೆ. ಪುಣೆಯ ಶಿವಾಜಿನಗರದ ಕಚೇರಿಯಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದವನಿಗೆ ಇಷ್ಟಾದರೂ ಬೇಡವೇ?

ಯೆರವಡಾದ ನಮ್ಮ ಕನ್ನಡ ವಾಚನಾಲಯದ ಕೋಣೆಯನ್ನು ತಿಂಗಳೊಳಗೆ ಖಾಲಿ ಮಾಡಿ ಎಂದು ಪಾಲಿಕೆಯಿಂದ ನೋಟೀಸು ಬಂದಾಗ, ಕಾರ್ಯದರ್ಶಿಯಾದ ನನಗೆ ನಿಜಕ್ಕೂ ಊಟ ಸೇರಲಿಲ್ಲ. ಅರ್ಜಿ ಬರೆದೆ. ಅದನ್ನು ಪಾಲಿಕೆಗಲ್ಲ, ಮಗರಪಟ್ಟಾದ ಸುನಂದಾಬಾಯಿಯವರಿಗೆ ಮುಟ್ಟಿಸಬೇಕೆಂದು ಎಲ್ಲರೂ ಹೇಳಿದರು. ಬಾಯಿಯವರು ಕಾರ್ಖಾನೆಯ ಒಡತಿ. ಚುನಾವಣೆಗೆ ನಿಂತವರಲ್ಲ, ನಿಂತವರೆಲ್ಲ ಮೊದಲು ಅವರ ಸೋಫಾದಲ್ಲಿ ಕೂತು ಎದ್ದವರು. ಪರಸ್ಪರ ಮಾತು ಬಿಟ್ಟಿದ್ದ ಪಾಲಿಕೆಯ ಇಬ್ಬರು ನಗರಸೇವಕರು ರಾಜಿಯಾದದ್ದು ಅವರ ಊಟದ ಮೇಜಿನಲ್ಲೇ. ಯಾವುದೋ ದೇಶದ ರಾಯಭಾರಿ ಬಂದಾಗ ಎಣ್ಣೆಗಾಯಿ ಬಡಿಸಿ, ಎರಡನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಬಡವರ ಆಸ್ಪತ್ರೆಗೊಂದು ಯಂತ್ರ ಕೊಡಲು ಒಪ್ಪಿಸಿದರಂತೆ.

ಆದರೆ ಅವರ ನಿಜವಾದ ದರ್ಬಾರು ಸಂಕ್ರಾಂತಿಯ ಅರಿಷಿಣ-ಕುಂಕುಮ. ಅಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ಬಾಯಿಯವರ ಉಡಿ ತುಂಬಲು ಹೆಂಡತಿ ತೆಗೆದಿಟ್ಟಿದ್ದ ಹಸಿರು ಕುಪ್ಪಸದ ಖಣದ ಮಡಿಕೆಯೊಳಗೆ ಅರ್ಜಿ ಸೇರಿಸಿದೆ.

“ಬಿಚ್ಚಿದ ಕೂಡ್ಲೇ ಕಾಣಿಸ್ತದ,” ಎಂದೆ.

“ಉಡಿ ತುಂಬಿದ ಖಣಾ ಯಾರ್ ಬಿಚ್ತಾರ್ರೀ?” ಎಂದಳು.

“ನಿನಗ ರಾಜಕಾರಣ ತಿಳಿಯಂಗಿಲ್ಲ, ಸುಮ್ಮನಿರು.”

ಎಂಟೇ ದಿನಕ್ಕೆ ನೋಟೀಸು ವಾಪಸಾಯಿತು! ನನ್ನ ಸಂತೋಷ ಕೇಳಬೇಡಿ. ವಾಚನಾಲಯದ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಅರ್ಜಿಯ ಮೂರನೆಯ ಪುಟ ಓದಿ ಬಾಯಿಯವರ ಕಣ್ಣಲ್ಲಿ ನೀರು ಬಂದಿರಬೇಕೆಂದು ನಾನೂ ಅರ್ಧ ಗಂಟೆ ಮಾತಾಡಿದೆ. ಹೆಂಡತಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು.

ರಥಸಪ್ತಮಿಯ ದಿನ ಅವಳು ಎದುರುಮನೆಯ ಅರಿಷಿಣ-ಕುಂಕುಮ ಮುಗಿಸಿ ಬಂದು ಉಡಿಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟಳು. ಅದೇ ಹಸಿರು ಖಣ! ಮಡಿಕೆಯೊಳಗೆ ನನ್ನ ಮೂರು ಪುಟ ಹಾಗೇ ಇದ್ದವು. ಬಾಯಿಯವರಿಂದ ಯಾರಿಗೋ, ಅವರಿಂದ ಇನ್ನಾರಿಗೋ, ಉಡಿಯಿಂದ ಉಡಿಗೆ ಪುಣೆ ಸುತ್ತಿದ ಖಣವನ್ನು ಒಬ್ಬರೂ ಬಿಚ್ಚಿರಲಿಲ್ಲ.

“ಹಂಗಾರ ಕೆಲಸಾ ಹೆಂಗಾತು?” ಎಂದೆ.

“ಕುಂಕುಮಾ ಹಚ್ಚೂಮುಂದ ನಾನೇ ಹೇಳಿದ್ನಿ. ‘ಬಾಯಿ, ನಮ್ಮ ವಾಚನಾಲಯ ಉಳಿಸ್ರಿ, ಇಲ್ಲಾಂದ್ರ ಇವರು ಆ ಪುಸ್ತಕ ಎಲ್ಲಾ ನಮ್ಮ ಮನ್ಯಾಗ ತಂದು ತುಂಬ್ತಾರ’ ಅಂತ. ಬಾಯಿ ಭಾಳ ನಕ್ರು. ಬಾಜೂಕ ಕೂತಿದ್ದ ನಗರಸೇವಕರ ಹೆಂಡ್ತಿ ಕಡೆ ಒಮ್ಮೆ ನೋಡಿದ್ರು. ಅಷ್ಟ.”

“ಸಭಾದಾಗ ಯಾಕ ಹೇಳಲಿಲ್ಲ?”

“ನೀವ ಸುಮ್ಮನಿರು ಅಂದಿದ್ರಲ್ಲಾ?”

ಆ ಶಾಲು ನ್ಯಾಯವಾಗಿ ಅವಳದು. ಅಡುಗೆಮನೆಗೆ ಹೋಗಿ, ತಪ್ಪಾಯಿತು ಎಂದು ಶಾಲು ಹೊದಿಸಿದರೆ ಮುಗಿಯಿತು. ಆದರೆ ನಾನಿನ್ನೂ ಮೇಜಿನ ಮುಂದೆಯೇ ಇದ್ದೇನೆ. ‘ಮಾನ್ಯರೇ’ ಎಂದು ಶುರುಮಾಡಿದ್ದೇನೆ. ಈಗ ಎರಡನೆಯ ಪುಟ.