ಎರಡು ಸೀಟಿನ ಸೈಕಲ್ಲೂ ನಮ್ಮ ಭಾವನೂ

ನಮ್ಮ ಭಾವನ ಧೈರ್ಯದ ಬಗ್ಗೆ ಪ್ರಬಂಧ ಬರೆಯೋಣವೆಂದು ಕೂತರೆ ಅದು ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ಇಲ್ಲ. ಆದ್ದರಿಂದ ಅವರ ಭಯದ ಬಗ್ಗೆಯೇ ಬರೆಯುತ್ತೇನೆ. ಅದಾದರೆ ಬೇಕಾದಷ್ಟಿದೆ!

ಕುಕ್ಕರ್ ಕೂಗುವ ಹೊತ್ತಿಗೆ ಅವರು ಮನೆಯೊಳಗೆ ಇರುವುದಿಲ್ಲ. ಅಕ್ಕ ಒಲೆಯ ಮೇಲೆ ಬೇಳೆ ಇಟ್ಟಳೆಂದು ಗೊತ್ತಾದ ಕೂಡಲೇ ಏನೋ ಕೆಲಸ ನೆನಪಾದವರಂತೆ ಅಂಗಳಕ್ಕೆ ಹೋಗುತ್ತಾರೆ. ಸೀಟಿಗಳೆಲ್ಲ ಮುಗಿದ ಮೇಲೆ ಬಾಗಿಲಲ್ಲಿ ಇಣುಕಿ, ಎಲ್ಲರೂ ಉಳಿದಿದ್ದೀರಾ ಎಂಬಂತೆ ನೋಡಿ ಒಳಗೆ ಬರುತ್ತಾರೆ. ಮದುವೆಗೆ ಹೋದರೆ ಮದುಮಕ್ಕಳನ್ನು ನೋಡುವ ಮೊದಲು ಶಾಮಿಯಾನದ ಕಂಬಗಳನ್ನು ಅಲ್ಲಾಡಿಸಿ ನೋಡುತ್ತಾರೆ. ಬಸ್ಸಿನಲ್ಲಿ ತುರ್ತು ಬಾಗಿಲಿನ ಪಕ್ಕವೇ ಅವರ ಜಾಗ. ಅಷ್ಟಕ್ಕೇ ಬಿಡುತ್ತಾರೆಯೇ? ಹೊರಡುವ ಮುಂಚೆ ಒಂದು ಸಲ ತೆಗೆದು ತೋರಿಸಪ್ಪ ಎಂದು ಕಂಡಕ್ಟರನ್ನು ಕೇಳುತ್ತಾರೆ.

ರಾಮನಗರದಲ್ಲಿ ಅವರು ಮನೆಗೆಂದು ಸೈಟು ಹುಡುಕುವಾಗ ನಾನೂ ಚನ್ನಪಟ್ಟಣದಿಂದ ಹೋಗಿದ್ದೆ. ಒಳ್ಳೆಯ ಜಾಗ, ಎದುರಿಗೆ ಬೆಟ್ಟ. ಬೆಟ್ಟದ ತುದಿಯಲ್ಲಿ ಒಂದು ದೊಡ್ಡ ಬಂಡೆ, ಯಾರೋ ಎತ್ತಿ ಇಟ್ಟು ಮರೆತುಹೋದಂತೆ ಕೂತಿತ್ತು. ಭಾವ ಅದನ್ನೇ ನೋಡುತ್ತ ನಿಂತರು. ಸೈಟು ಬೇಡವೆಂದರು. ಅದು ಲಕ್ಷಾಂತರ ವರ್ಷದಿಂದ ಅಲ್ಲೇ ಕೂತಿದೆ ಭಾವ ಎಂದು ನಾನು ಸಮಾಧಾನ ಹೇಳಿದೆ.

"ಅದಕ್ಕೇ ಕಣಪ್ಪ ಭಯ," ಎಂದರು. "ಇನ್ನೆಷ್ಟು ದಿನ ಅಂತ ಕೂತಿರ್ತದೆ?"

ಇಂಥ ಮನುಷ್ಯನಿಗೆ ಯಾರು ಕೆಲಸ ಕೊಡುತ್ತಾರೆಂದು ನಾವೆಲ್ಲ ಯೋಚಿಸುತ್ತಿದ್ದಾಗಲೇ ಬಿಡದಿಯ ಸುತ್ತ ಕಾರ್ಖಾನೆಗಳು ಏಳತೊಡಗಿದವು. ರಾಗಿ ಹೊಲಗಳಿಗೆ ತಂತಿ ಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿನಲ್ಲಿ ಸೆಲ್ಯೂಟು ಹೊಡೆಯುವವರು ಬಂದರು. ಒಂದು ಕಾರ್ಖಾನೆಯವರು ನಮ್ಮ ಭಾವನನ್ನು ಸೇಫ್ಟಿ ವಿಭಾಗಕ್ಕೆ ಸೇರಿಸಿಕೊಂಡರು. ಅಲ್ಲಿ ಅವರ ಕೆಲಸ ಏನು? ದಿನವಿಡೀ ಓಡಾಡುತ್ತ, ಎಲ್ಲಿ ಏನು ಬೀಳಬಹುದು, ಯಾರ ಕೈ ಎಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅಂಜುವುದು! ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದುದಕ್ಕೆ ಅಲ್ಲಿ ಸಂಬಳ ಸಿಗತೊಡಗಿತು. ಬಹಳ ಹೆಸರೂ ಬಂತು.

ಆ ಹೆಸರೇ ಅವರಿಗೆ ಮುಳುವಾಯಿತು. ಅಂಗವಿಕಲರ ಒಂದು ಸಂಘದವರು ಕಾರ್ಖಾನೆಯವರ ಜೊತೆ ಸೇರಿ ಕನ್ಯಾಕುಮಾರಿಯಿಂದ ದೆಹಲಿಯವರೆಗೆ ಸೈಕಲ್ ಯಾತ್ರೆ ಹೊರಡಿಸಲು ನಿಶ್ಚಯಿಸಿದರು. ಅಂಗವಿಕಲರೂ ಉಳಿದವರೂ ಒಂದೇ ತಂಡವಾಗಿ ತುಳಿಯುವುದು, ದಾರಿಯ ಊರುಗಳಲ್ಲಿ ನಿಂತು ಅಂಗವಿಕಲರ ಓದು, ಉದ್ಯೋಗಗಳಿಗೆ ಸಹಾಯ ಕೂಡಿಸುವುದು ಉದ್ದೇಶ. ಕಣ್ಣು ಕಾಣದವರಿಗಾಗಿ ಎರಡು ಸೀಟಿನ ಸೈಕಲ್ಲು ತರಿಸಿದ್ದರು. ಹ್ಯಾಂಡಲ್ಲು, ಬ್ರೇಕು ಮುಂದಿನವರ ಕೈಯಲ್ಲಿ; ಪೆಡಲು ಇಬ್ಬರಿಗೂ.

ಭಾವ ಆ ಸಭೆಗೆ ಹೋದದ್ದು ಯಾತ್ರೆಯನ್ನು ನಿಲ್ಲಿಸಲಿಕ್ಕೆ. ಎದ್ದುನಿಂತು ಒಂದೊಂದಾಗಿ ಅಪಾಯಗಳನ್ನು ಹೇಳುತ್ತ ಹೋದರಂತೆ. ಲಾರಿ, ಟ್ರ್ಯಾಕ್ಟರು, ಕೆರೆ ಏರಿ, ಹೆಜ್ಜೇನು, ತೆರೆದ ಬಾವಿ, ಕುಡಿದವರು, ಮದುವೆ ದಿಬ್ಬಣ. ಚಹಾ ಬಂತು, ಲೋಟಗಳು ವಾಪಸು ಹೋದವು, ಭಾವ ಇನ್ನೂ ಮಧ್ಯಪ್ರದೇಶ ದಾಟಿರಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಯುವಕ ಕೈಯೆತ್ತಿದ. ಅವನೇ ಇಮ್ತಿಯಾಜ್. ರಾಮನಗರದವನು. ಅಣ್ಣನ ರೇಷ್ಮೆ ಕಾರ್ಖಾನೆಯಲ್ಲಿ ನೂಲಿನ ಲಡಿ ಕಟ್ಟುವ ಕೆಲಸ. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಅದಕ್ಕೆ ಮುಂಚೆ ಅವನು ಬೀದಿಯಲ್ಲೆಲ್ಲ ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಓಡಿಸುವವನಾಗಿದ್ದನಂತೆ.

"ಮೇಡಂ, ನನ್ ಮುಂದೆ ಈ ಸಾರ್ ಕೂರ್ಲಿ," ಎಂದ. "ಇವ್ರ ಕಣ್ಗೆ ಎಲ್ಲಾನೂ ಬೀಳ್ತದೆ."

ಸಂಘದ ಮೇಡಂ ಕನಕಪುರದವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಎರಡನೆಯ ಮಾತಿಗೆ ಅವಕಾಶ ಕೊಡದವರು. ಹಾಗೇ ಆಗಲಿ ಎಂದುಬಿಟ್ಟರು. ಒಲ್ಲೆ ಎನ್ನಬಹುದಿತ್ತಲ್ಲ ಭಾವ ಎಂದು ಆಮೇಲೆ ಕೇಳಿದೆ. ಅಷ್ಟು ಜನರ ಎದುರು ಒಲ್ಲೆ ಎನ್ನಲು ಭಯವಾಯಿತಂತೆ!

ಅಭ್ಯಾಸ ಮಾಗಡಿ ಕಡೆಯ ರಸ್ತೆಗಳಲ್ಲಿ ನಡೆಯಿತು. ಅಕ್ಕನ ಅಪ್ಪಣೆಯಂತೆ ನನ್ನ ಹಳೆಯ ವ್ಯಾನಿನಲ್ಲಿ ನಾನು ಹಿಂದೆ ಹೋಗಬೇಕಾಯಿತು. ಪಾಠ ಹೇಳುವ ಶಾಲೆಗೆ ರಜೆ ಹಾಕಿ, ದೆಹಲಿಯವರೆಗೂ ನಾನೇ ಹೋಗಬೇಕೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ನನಗೆ ಹೇಳಿರಲಿಲ್ಲ ಅಷ್ಟೆ. ಭಾವ ಕಾರ್ಖಾನೆಯ ಹೆಲ್ಮೆಟ್ಟು ಹಾಕಿ, ಮೊಣಕಾಲಿಗೆ ಹಳೆಯ ಟವೆಲ್ಲು ಸುತ್ತಿ, ಬಾಯಿಗೆ ಬಿಡುವಿಲ್ಲದೆ ಕೂಗುತ್ತಿದ್ದರು. ಹಳ್ಳ. ಹಂಪು. ಆಟೋ. ಒಂದು ಸಲ "ಎಮ್ಮೆ" ಎಂದು ಗಕ್ಕನೆ ಬ್ರೇಕು ಹಾಕಿದರು. ಎಲ್ಲಿ ಸಾರ್ ಎಂದು ಇಮ್ತಿಯಾಜ್ ಕೇಳಿದ. ಗದ್ದೆಯಲ್ಲಿ ಎಂದರು.

"ಗದ್ದೇಲಿರೋ ಎಮ್ಮೆ ನಮ್ಗೇನ್ ಮಾಡ್ತದೆ ಸಾರ್?"

"ಬರಬಹುದು," ಎಂದರು ಭಾವ.

ತಿಪ್ಪಸಂದ್ರದ ಹತ್ತಿರ ರಸ್ತೆಯ ಮೇಲೆಯೇ ಹುರುಳಿ ಹರಡಿದ್ದರು, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಭಾವ ಆ ಹೊತ್ತಿಗೆ ಮೇಲೆ ಜೋತುಬಿದ್ದಿದ್ದ ಕರೆಂಟು ತಂತಿಯ ಬಗ್ಗೆ ಎಚ್ಚರಿಸುತ್ತಿದ್ದರು. ಸೈಕಲ್ಲು ಸೀದಾ ಹುರುಳಿಗೆ ನುಗ್ಗಿ, ಜಾರಿ, ಇಬ್ಬರನ್ನೂ ಮೆತ್ತಗೆ ಮಲಗಿಸಿತು. ಹುರುಳಿಯ ಒಡತಿ ಪೊರಕೆ ಹಿಡಿದು ಬಂದಳು.

"ಕಣ್ ಕಾಣಾಕಿಲ್ವೇನ್ರಪ್ಪಾ ನಿಮ್ಗೆ?"

"ನಂಗ್ ಕಾಣಾಕಿಲ್ಲ ಕಣವ್ವ," ಎಂದ ಇಮ್ತಿಯಾಜ್, ಹುರುಳಿ ಸೊಪ್ಪಿನೊಳಗಿಂದಲೇ. "ಮುಂದ್ಗಡೆ ಇರೋರ್ಗೆ ಕಾಣ್ತದೆ. ಅವ್ರನ್ನ ಕೇಳು."

ಅವಳಿಗೆ ವಿಷಯ ತಿಳಿದ ಮೇಲೆ ಇಬ್ಬರನ್ನೂ ಜಗಲಿಗೆ ಕರೆದು ಮಜ್ಜಿಗೆ ಕೊಟ್ಟಳು. ಭಾವ ಲೋಟದೊಳಗೆ ಇಣುಕಿ, ಏನೂ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಕುಡಿದರು. ಇಮ್ತಿಯಾಜನ ಲೋಟಕ್ಕೂ ಇಣುಕಿದರು.

ಕನ್ಯಾಕುಮಾರಿಯಿಂದ ಹೊರಟೆವು. ಭಾವ ಪ್ರತಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಸೈಕಲ್ಲಿನ ಒಂದೊಂದು ನಟ್ಟನ್ನೂ ಮುಟ್ಟಿ ನೋಡುತ್ತಿದ್ದರು. ತಮಿಳುನಾಡು ಸುಖವಾಗಿ ದಾಟಿತು. ಅಂದರೆ ಇಮ್ತಿಯಾಜನಿಗೆ ಸುಖ. ನನಗೆ ಮಾತ್ರ ಭಾವನ ಭಯ ನೆಗಡಿಯ ಹಾಗೆ ಹತ್ತಿಕೊಂಡಿತ್ತು. ದಿನವಿಡೀ ಹಳ್ಳ, ನಾಯಿ, ಲಾರಿ ಎಂದು ಕೇಳಿ ಕೇಳಿ, ಊಟದ ಎಲೆಯಲ್ಲಿ ಸಾರು ಹರಿದುಬಂದರೂ ಎದೆ ಧಸಕ್ಕೆನ್ನುತ್ತಿತ್ತು. ಕೊಳ್ಳೇಗಾಲ, ಮಳವಳ್ಳಿ ದಾಟಿ ಸಾತನೂರಿಗೆ ಬಂದಾಗ, ಇನ್ನೇನು ನಮ್ಮ ಕಡೆಯ ನೆಲವೇ ಬಂತಲ್ಲ ಎಂದು ಮೊದಲ ಸಲ ಹಗುರವಾದೆ.

ಆಗಲೇ ಅದು ಆಯಿತು. ಕನಕಪುರದ ಕಡೆಗೆ ಒಂದು ಇಳಿಜಾರು. ಕೆಳಗೆ ಕಲ್ಲು ಕ್ವಾರಿಯ ಮಣ್ಣುದಾರಿಯಿಂದ ದೊಡ್ಡ ಗ್ರಾನೈಟ್ ದಿಮ್ಮಿ ಹೊತ್ತ ಲಾರಿಯೊಂದು ರಸ್ತೆಗೆ ಬಂದು ಅಡ್ಡಡ್ಡ ನಿಂತಿತು. ಭಾವ ಬ್ರೇಕು ಒತ್ತಿದರು. ತಂತಿ ಕಿತ್ತುಬಂತು. ಹಿಂದೆ ವ್ಯಾನಿನಲ್ಲಿದ್ದ ನನಗೆ ಕಂಡದ್ದು, ಸೈಕಲ್ಲು ನಿಧಾನವಾಗುವ ಬದಲು ದೂರ ದೂರ ಓಡುತ್ತಿರುವುದು. ಹಾರ್ನ್ ಒತ್ತಿದೆ. ಅದರಿಂದ ಯಾರಿಗೆ ಏನು ಉಪಯೋಗವೋ, ಒತ್ತುತ್ತಲೇ ಇದ್ದೆ.

ಆಮೇಲೆ ಇಮ್ತಿಯಾಜ್ ಹೇಳಿದ್ದು: ಕನ್ಯಾಕುಮಾರಿಯಿಂದ ಬಾಯಿ ಮುಚ್ಚದಿದ್ದ ಭಾವ ಆಗ ಸುಮ್ಮನಾಗಿಬಿಟ್ಟರಂತೆ. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅವನಿಗೆ ಜೀವ ಬಾಯಿಗೆ ಬಂದದ್ದು ಆಗಲೇ.

"ಸಾರ್, ಮಾತಾಡಿ," ಎಂದನಂತೆ.

ಆಗ ಭಾವ ಕೂಗಲಿಲ್ಲ. ಮನೆಯಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದರಂತೆ. "ಬ್ರೇಕ್ ಇಲ್ಲ. ಎಡಗಡೆ ಹಿಪ್ಪುನೇರಳೆ ತೋಟ ಇದೆ, ಅಲ್ಲಿಗೆ ಹೋಗ್ತೀವಿ. ಕಾಲು ಪೆಡಲ್ ಮೇಲೇ ಇರ್ಲಿ. ಒಸಿ ಎಡಕ್ಕೆ ವಾಲು. ಇನ್ನೂ ಒಸಿ. ಬಗ್ಗು."

ನಾನು ಓಡಿಹೋಗಿ ನೋಡಿದಾಗ ಸೈಕಲ್ಲಿನ ಚಕ್ರ ಗಿಡಗಳ ನಡುವೆ ಇನ್ನೂ ತಿರುಗುತ್ತಿತ್ತು. ಇಮ್ತಿಯಾಜ್ ಕೆನ್ನೆಯ ಮೇಲೆ ಗೀರು ಮಾಡಿಕೊಂಡು ಎದ್ದು ಕೂತಿದ್ದ. ಅವನು ಬಿದ್ದದ್ದು ನೆಲದ ಮೇಲಲ್ಲ, ಭಾವನ ಮೇಲೆ. ಭಾವನ ಭುಜದ ಮೂಳೆ ಮುರಿದಿತ್ತು.

ಕನಕಪುರದಲ್ಲಿ ಕಟ್ಟು ಹಾಕಿಸಿದೆವು. ನೋವಿಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಆ ತಂತಿ. ಮಂಚದ ಪಕ್ಕ ಇಮ್ತಿಯಾಜ್ ಕೂತಿದ್ದ. ಭಾವ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದರು.

"ಬೆಳಿಗ್ಗೆ ನೋಡಿದ್ದೆ ಕಣಪ್ಪ. ಮುಟ್ಟಿ ನೋಡಿದ್ದೆ."

"ನೀವ್ ನೋಡ್ದಾಗ ಸರ್ಯಾಗೇ ಇತ್ತು ಸಾರ್," ಎಂದ ಇಮ್ತಿಯಾಜ್.

ರಾಮನಗರದಿಂದ ಅಕ್ಕ ಬಸ್ಸು ಹತ್ತಿ ಬಂದಳು. ಜೀವಮಾನವೆಲ್ಲ ನಮಗೆ ಹುಷಾರು ಹುಷಾರು ಎಂದು ಹೇಳಿ ಕೊನೆಗೆ ಬಿದ್ದವರು ನೀವೇ ತಾನೆ ಎಂದು ಗದರಿಸಿದಳು. ಗದರಿಸುತ್ತಲೇ ಅವರ ಕೂದಲಲ್ಲಿ ಸಿಕ್ಕಿದ್ದ ಹಿಪ್ಪುನೇರಳೆ ಎಲೆ ತೆಗೆದಳು. ಇನ್ನು ಸೈಕಲ್ಲಿನ ಮಾತಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ನಿಜವಾಗಿ ನೆಮ್ಮದಿಯಾಯಿತು. ಭಾವನಿಗೂ ಆಗಿರಬೇಕೆಂದುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಮುಂದಿನ ಸೀಟಿಗೆ ಕಾರ್ಖಾನೆಯ ಒಬ್ಬ ತರುಣ ಇಂಜಿನಿಯರು ಬಂದ. ಕಟ್ಟುಮಸ್ತಾದ ಆಳು, ಗಾಳಿಯ ಹಾಗೆ ತುಳಿಯುತ್ತಿದ್ದ. ಮಾತು ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಹೇಳಿಕೊಟ್ಟ ಮೇಲೆ ಪ್ರಯತ್ನಪಟ್ಟ, ಪಾಪ. ಹಂಪು ದಾಟಿದ ಮೇಲೆ "ಹಂಪ್" ಎನ್ನುತ್ತಿದ್ದ! ಕನಕಪುರದಿಂದ ರಾಮನಗರಕ್ಕೆ ಬರುವಷ್ಟರಲ್ಲಿ ವೇಗದ ಹುಚ್ಚಿನ ಇಮ್ತಿಯಾಜನೇ ಸೋತುಹೋಗಿದ್ದ. ಹಾರ ಹಾಕಲು ಬಂದವರ ನಡುವೆಯೇ ಮೇಡಂಗೆ ಹೇಳಿದ, ಇವ್ರು ಚೆನ್ನಾಗೇ ತುಳೀತಾರೆ, ಆದ್ರೆ ನಾನು ಕತ್ಲಲ್ಲೇ ಬಂದೆ ಎಂದು. ಇಷ್ಟು ವರ್ಷದಲ್ಲಿ ಅವನು ಕತ್ತಲೆ ಎಂಬ ಮಾತು ಆಡಿದ್ದನ್ನು ತಾನೂ ಕೇಳಿರಲಿಲ್ಲವೆಂದು ಅವನ ಅಣ್ಣ ಹೇಳಿದ.

ದಾರಿ ಹುಡುಕಿದವಳು ಅಕ್ಕ. ಮನೆಯಲ್ಲಿ ಕೂತರೆ ನನಗೇ ದಿನವಿಡೀ ಎಚ್ಚರಿಕೆ ಹೇಳುತ್ತಾರೆ, ಅದನ್ನು ಇಮ್ತಿಯಾಜನಿಗೇ ಹೇಳಲಿ ಬಿಡಿ ಎಂದಳು. ವ್ಯಾನಿನ ಮೇಲೆ ಲೌಡ್‌ಸ್ಪೀಕರು ಕಟ್ಟಿ, ಒಳಗೆ ಮೈಕು ಇಟ್ಟೆವು. ಮುರಿದ ಭುಜದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡ ಭಾವ ನನ್ನ ಪಕ್ಕದ ಸೀಟಿನಲ್ಲಿ, ಮುಂದೆ ಸೈಕಲ್ಲು. ಅಕ್ಕ ವ್ಯಾನಿನ ಬಾಗಿಲು ಹಾಕಿ, ಸರಿಯಾಗಿ ಹಾಕಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದಳು. ಮುಖ ಮಾತ್ರ ತೋರಿಸಲಿಲ್ಲ.

ಹಾಗೆ ಮಾಗಡಿ ಪೇಟೆಯಲ್ಲಿ ನಮ್ಮ ಭಾವನ ಧ್ವನಿ ಮೊಳಗಿತು: ಎಡಕ್ಕೆ ಹಳ್ಳ, ಬಲಕ್ಕೆ ಸೌತೆಕಾಯಿ ಗಾಡಿ, ಮುಂದೆ ಅಜ್ಜಿ ದಾಟುತ್ತಿದ್ದಾರೆ. ಆ ಅಜ್ಜಿ ಗಾಬರಿಯಾಗಿ ವಾಪಸು ಹೋದರು. ಮಹಾರಾಷ್ಟ್ರದಲ್ಲಿ ಜನ ಚುನಾವಣೆ ಬಂತೆಂದು ತಿಳಿದು ಮನೆಯಿಂದ ಹೊರಬಂದು ಕೈ ಮುಗಿದರು. ಒಂದೂರಿನಲ್ಲಿ ನಮ್ಮನ್ನು ತಡೆದು ತೆರೆದ ಚರಂಡಿ ತೋರಿಸಿ ದೂರು ಹೇಳಿದರು. ಭಾವ ಇಳಿದು ಹೋಗಿ ನೋಡಿ, ಇದು ಬಹಳ ಅಪಾಯ ಎಂದು ಕನ್ನಡದಲ್ಲೇ ಒಪ್ಪಿ ಬಂದರು. ಜನಕ್ಕೆ ಎಷ್ಟು ತೃಪ್ತಿಯಾಯಿತೆಂದರೆ ಜೈಕಾರ ಹಾಕಿ ಕಳಿಸಿದರು!

ರಾಜಸ್ಥಾನದಲ್ಲಿ ಒಂದು ಬೆಳಿಗ್ಗೆ ರಸ್ತೆ ನೆಟ್ಟಗೆ, ಖಾಲಿಯಾಗಿ ಬಿದ್ದಿತ್ತು. ಹಳ್ಳವಿಲ್ಲ, ಲಾರಿಯಿಲ್ಲ, ನಾಯಿಯೂ ಇಲ್ಲ. ಮೈಕು ಸುಮ್ಮನಾಯಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ತಿರುಗಿ ನೋಡಿದೆ. ಭಾವ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದುಕೊಂಡರು.

"ಇಮ್ತಿಯಾಜ್, ಈಗ ಏನೂ ಬರ್ತಾ ಇಲ್ಲ," ಎಂದರು. "ಎರಡೂ ಕಡೆ ಸಾಸಿವೆ ಹೊಲ. ಹೂವಾಗಿದೆ. ಉದ್ದಕ್ಕೂ ಹಳದಿ."

ಅವನು ತುಳಿಯುತ್ತಲೇ ತಲೆ ಇತ್ತ ತಿರುಗಿಸಿ, ಯಾವ ಥರ ಹಳದಿ ಸಾರ್ ಎಂದು ಕೇಳಿದ.

ಭಾವ ಕತ್ತು ಚಾಚಿ ಹೊಲವನ್ನು ಇನ್ನೊಮ್ಮೆ ನೋಡಿದರು. "ನಮ್ಮೂರ್ ಮಾರ್ಕೆಟ್ಟಿಗೆ ರೇಷ್ಮೆಗೂಡು ಬರ್ತದಲ್ಲಪ್ಪ. ಆಗ್ತಾನೇ ಚೀಲದಿಂದ ಸುರೀತಾರಲ್ಲ, ಆ ಹಳದಿ."

ಹಿಂದಿನ ಸೀಟಿನ ಕಾಲುಗಳು ನಿಂತವು. ಇಂಜಿನಿಯರು ಏನೂ ಕೇಳದೆ ಸೈಕಲ್ಲನ್ನು ಬದಿಗೆ ತಂದು ನಿಲ್ಲಿಸಿದ. ನಾನು ಎಂಜಿನ್ ಆರಿಸಿದೆ. ಭಾವ ಇಳಿದು ಹೋದರು. ಇಮ್ತಿಯಾಜ್ ಅವರ ಪೆಟ್ಟಾಗದ ಕೈಯ ಮೊಣಕೈ ಹಿಡಿದುಕೊಂಡ. ಇಬ್ಬರೂ ನಿಧಾನವಾಗಿ ರಸ್ತೆ ಇಳಿದು, ಬದು ದಾಟಿ, ಹೊಲದೊಳಗೆ ಸೊಂಟದವರೆಗೆ ಹೋಗಿ ನಿಂತರು. ಅವನು ಎರಡೂ ಕೈ ಚಾಚಿ ಹೂವಿನ ಮೇಲೆ ಆಡಿಸುತ್ತಿದ್ದ. ಭಾವ ಪಕ್ಕದಲ್ಲೇ ನಿಂತು ಹೊಲ ಎಲ್ಲಿಯವರೆಗೆ ಹೋಗಿದೆ, ಮರ ಎಲ್ಲಿದೆ, ಮರದ ಕೆಳಗೆ ಕೂತ ಹೆಂಗಸರ ಸೀರೆ ಯಾವ ಬಣ್ಣ ಎಂದು ಹೇಳುತ್ತ ಹೋದರು, ಹೇಳುತ್ತಲೇ ಹೋದರು.