ಬೆಳಗಿನ ಹೂವಿನ ಗ್ರೂಪು

ಒಂದೈದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ. ನಡುವೆ ಎದ್ದು ಹೋದರೆ, ನಾಳೆ ಬೆಳಿಗ್ಗೆ ಪಕ್ಕದ ಮನೆಯ ದಾಸವಾಳಕ್ಕೆ ಕೈ ಹಾಕುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಶುರುವಾಗಿದ್ದೇ ಒಂದು ದಾಸವಾಳದಿಂದ. ಬಸವೇಶ್ವರನಗರದ ಕೆಂಚಪ್ಪನವರ ಕಾಂಪೌಂಡಿನಲ್ಲಿ ರಾಗಿಮುದ್ದೆ ಗಾತ್ರದ ಕೆಂಪು ದಾಸವಾಳ ಬಿಡುತ್ತಿತ್ತು. ಆದರೆ ಅವರು ಸ್ನಾನ ಮುಗಿಸಿ ಹೂಬುಟ್ಟಿ ಹಿಡಿದು ಬರುವಷ್ಟರಲ್ಲಿ ಗಿಡ, ಮುಡಿ ಕೊಟ್ಟು ಬಂದವರ ತಲೆಯ ಹಾಗೆ ಬೋಳು! ಇಂಥ ಹೊತ್ತಲ್ಲಿ ಅನುಮಾನ ಮೊದಲು ಹತ್ತುವುದು ಬಾಡಿಗೆಯವರ ಮೆಟ್ಟಿಲನ್ನೇ ತಾನೆ? ಮೇಲಿನ ಮನೆಯಲ್ಲಿ ಚನ್ನವೀರೇಶನೂ ಹಾವೇರಿ ಕಡೆಯ ಅವನ ತಾಯಿ ಜಯದೇವಿಯೂ ಇದ್ದರು.

"ಗೇಟಿಗೆ ಒಳಗಿಂದ ಬೀಗ ಇದೆ. ಗಾಳಿ ಬಂದು ಕಿತ್ಕೊಂಡ್ ಹೋಗುತ್ತೇನಯ್ಯಾ?" ಅಂತ ಕೆಂಚಪ್ಪ ಮೆಟ್ಟಿಲ ಮೇಲೆ ನಿಂತು ಗುಡುಗಿದರು. "ಭಾನುವಾರದೊಳಗೆ ಕಳ್ಳನ್ನ ಹಿಡಿದು ತೋರ್ಸು. ಇಲ್ಲಾಂದ್ರೆ ಮನೆ ಖಾಲಿ ಮಾಡು."

ಚನ್ನವೀರೇಶ ಎರಡು ವರ್ಷದಲ್ಲಿ ಮೂರು ಮನೆ ಬದಲಿಸಿದ್ದ. ನಾಲ್ಕನೆಯದರ ಯೋಚನೆಗೇ ಅವನ ಬೆನ್ನು ನೋಯಿತು.

ಅದಾದ ಮೂರನೇ ದಿನ ಹಾಲಿನ ಚೀಲದಲ್ಲಿ ಒಂದು ಚೀಟಿ ಸಿಕ್ಕಿತು. 'ಹೂ ಬೇಕಾ? ಇಲ್ಲಿ ಬಾ' ಅಂತ ಟೆಲಿಗ್ರಾಮ್ ಗ್ರೂಪೊಂದರ ಹೆಸರು. ಒಳಗೆ ಹೋದರೆ ಯಾರಿಗೂ ಹೆಸರಿಲ್ಲ, ನಂಬರಿಲ್ಲ, ಮುಖವಿಲ್ಲ. ಅಡ್ಮಿನ್‌ಗೆ ಮಾತ್ರ ಒಂದು ಹೆಸರಿತ್ತು. 'ಗಾಳಿ'.

ಕಳ್ಳರ ಗುಂಪಿನಲ್ಲಿ ನಂಬಿಕೆ ಹೇಗೆ ಬೆಳೆಯುತ್ತೆ ಗೊತ್ತಾ? ದೇವರ ಮೇಲಿನ ಆಣೆ ಅಲ್ಲಿ ನಡೆಯುವುದಿಲ್ಲ. ನಿನ್ನ ಜುಟ್ಟು ನಮ್ಮ ಕೈಗೆ ಕೊಡು, ಆಗ ನಂಬುತ್ತೇವೆ! ಮೊದಲ ದಿನ ಕದ್ದ ಹೂವಿನ ಫೋಟೊವನ್ನು ಗಾಳಿಗೆ ಗುಟ್ಟಾಗಿ ಕಳಿಸಬೇಕು. ಎರಡನೇ ದಿನ ಹೂವಿನ ಜೊತೆ ಕೈ. ಮೂರನೇ ದಿನ ಮುಖ. ಕಿತ್ತ ಹೂವನ್ನು ಪಾರ್ಕಿನ ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲಿನ ಹಿಂದೆ ಇಟ್ಟು, ತಿರುಗಿ ನೋಡದೆ ಹೋಗಬೇಕು. ಕಳ್ಳನನ್ನು ಹಿಡಿಯಬೇಕಲ್ಲ ಅಂತ ಚನ್ನವೀರೇಶ ಮೂರನ್ನೂ ಮಾಡಿ ಮುಗಿಸಿದ.

ಭಾನುವಾರ ಬೆಳಗಿನ ಐದೂಕಾಲು. ಫೋನು ಟಿಣ್ ಅಂತು. 'ಕಡೇ ಪರೀಕ್ಷೆ. ಒಂದು ಕವರ್ ತುಂಬ ಹೂ ಕಟ್ಟೆಗೆ ಇಡು. ಆಮೇಲೆ ಪಾರ್ಕಿನ ಹಿಂದಿನ ಗೇಟಿಗೆ ಬಾ. ನನ್ನ ಮುಖ ತೋರಿಸ್ತೀನಿ.'

ಇವನು ಗಡಿಬಿಡಿಯಲ್ಲಿ ಬನಿಯನ್ ಏರಿಸಿಕೊಂಡ. ಟಿಣ್. 'ಬನಿಯನ್ ಉಲ್ಟಾ ಹಾಕ್ಕೊಂಡಿದ್ದೀಯ.'

ನೋಡಿಕೊಂಡ. ಹೌದು, ಉಲ್ಟಾ! ಕಿಟಕಿ ಮುಚ್ಚಿದೆ, ಪರದೆ ಎಳೆದಿದೆ. ನಡುಮನೆಯಲ್ಲಿ ಅವ್ವ ತಲೆತುಂಬ ಕಂಬಳಿ ಹೊದ್ದು ಮಲಗಿದ್ದಾಳೆ. ಚನ್ನವೀರೇಶನ ಕುತ್ತಿಗೆಯ ಮೇಲೆ ಯಾರೋ ಉಸಿರುಬಿಟ್ಟ ಹಾಗಾಯಿತು.

ಹೊರಗೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ಎದುರುಮನೆ ಲತಾ ಆಂಟಿಯ ಕಣಗಿಲೆಗೆ ಕೈ ಹಾಕಿದರೆ, ಅರ್ಧ ಗಿಡ ಆಗಲೇ ಖಾಲಿ. ಗೇಟು ತೆರೆದೇ ಇದೆ, ಮನೆಯೊಳಗೆ ಸದ್ದೇ ಇಲ್ಲ. ಕೆಳಗಿನ ಹೂವಿಗೆ ಬಗ್ಗಿದ. ಟಿಣ್. 'ರಾತ್ರಿ ಮೂರು ಸಲ ಮೊಸರನ್ನ ಹಾಕಿಸ್ಕೊಂಡ್ರೆ ಬಗ್ಗೋಕಾಗುತ್ತಾ?'

ಮೂರು ಸಲ! ಸರಿಯಾಗಿ ಮೂರೇ ಸಲ! ತಾನು ತಿಂದ ತುತ್ತು ಎಣಿಸುವ ಇದು ಮನುಷ್ಯನೋ ಇನ್ನೇನೋ? ಓಡಿದ. ಮೂಲೆಮನೆ ಜಂಬಣ್ಣನವರ ಪಾರಿಜಾತಕ್ಕೆ ಗ್ರಿಲ್ ಹತ್ತಿ ಇಳಿಯುವಾಗ ಚಡ್ಡಿ ಪರ್ರ್ ಅಂತ ಹರಿಯಿತು. ಅಲ್ಲೂ ಯಾರೂ ಏಳಲಿಲ್ಲ. ಇಡೀ ರಸ್ತೆ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿದೆ ಅನ್ನಿಸಿತು.

ಕವರನ್ನು ಕಟ್ಟೆಗೆ ಇಟ್ಟು ಹಿಂದಿನ ಗೇಟಿಗೆ ಹೋದರೆ, ಮಂಜಿನಲ್ಲಿ ಮೂರು ಆಕೃತಿಗಳು. ಒಂದಕ್ಕೆ ಮಂಕಿಕ್ಯಾಪು, ಒಂದಕ್ಕೆ ಮುಖದ ತುಂಬ ಶಾಲು, ಒಂದಕ್ಕೆ ಮಾಸ್ಕು. ನಾಲ್ವರೂ ಒಬ್ಬರನ್ನೊಬ್ಬರು ಓರೆಗಣ್ಣಿಂದ ಅಳೆಯುತ್ತ ನಿಂತರು. ಕಾಲು ಗಂಟೆ ಹೀಗೇ. ಆಮೇಲೆ ಮಂಕಿಕ್ಯಾಪು ಸೀನಿತು. ಒಂದರ ಹಿಂದೊಂದು ಮೂರು ಸೀನು. ಆ ಸೀನು ಇಡೀ ರಸ್ತೆಗೆ ಪರಿಚಯ.

"ಕೆಂಚಪ್ಪ ಸಾರ್?!"

ಶಾಲಿನೊಳಗಿಂದ ಲತಾ ಆಂಟಿ ಕಿರುಚಿದರು. "ಅಯ್ಯೋ ಸಾರ್, ನೀವೇನಾ ಗಾಳಿ?"

"ನಾನ್ಯಾಕಮ್ಮಾ ಗಾಳಿ ಆಗ್ಲಿ! ಗಾಳೀನ ಹಿಡಿಯೋಕೆ ಸೇರ್ಕೊಂಡಿದ್ದು ನಾನು!"

"ನಾನೂ ಅದಕ್ಕೇ!" ಅಂದರು ಆಂಟಿ.

"ನಾನೂನೂ ಅಷ್ಟೇಯ," ಅಂತ ಮಾಸ್ಕು ತೆಗೆದರು ಜಂಬಣ್ಣ. ಎಲ್ಲರ ಮನೆಗೂ ಹಾಲಿನ ಚೀಲದಲ್ಲೇ ಚೀಟಿ ಬಂದಿತ್ತು.

"ಹಂಗಾದ್ರೆ ನಮ್ ಕಣಗಿಲೆ ಕಿತ್ತಿದ್ಯಾರು?" ಅಂದರು ಲತಾ.

ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ಕೆಂಚಪ್ಪ ಗಂಟಲು ಸರಿಮಾಡಿಕೊಂಡರು. "ನಂಬಿಕೆ ಬರ್ಬೇಕಿತ್ತಲ್ಲಮ್ಮ..."

ನಿಂತವರು ನಾಲ್ವರು. ಗ್ರೂಪಿನಲ್ಲಿದ್ದವರು ಐವರು. ಓಡಿ ಹೋಗಿ ಕಟ್ಟೆ ನೋಡಿದರೆ ನಾಲ್ಕೂ ಕವರು ಮಾಯ. ನಾಲ್ಕು ಫೋನೂ ಒಟ್ಟಿಗೇ ಟಿಣ್ ಅಂದವು. 'ಹೂ ಮುಟ್ಟಿತು. ಈಗ ಪೂರ್ತಿ ನಂಬಿಕೆ ಬಂತು. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಳಿಸಲೇ?'

ಕೆಂಚಪ್ಪನವರ ಮುಖ ಸುಣ್ಣದ ಗೋಡೆಯಾಯಿತು. "ಏಯ್ ಚನ್ನವೀರೇಶ, ಕಳ್ಳ ಸಿಗ್ಲಿಲ್ಲಾಂದ್ರೆ ಇವತ್ತೇ ಖಾಲಿ!"

"ಸಾರ್, ನೀವೂ ಕಿತ್ತಿದ್ದೀರಲ್ಲಾ..."

"ನಾನು ಓನರ್ ಕಣಯ್ಯಾ!"

ಹರಿದ ಚಡ್ಡಿ ಹಿಡಿದುಕೊಂಡು ಚನ್ನವೀರೇಶ ಮನೆಗೆ ಬಂದ. ದೇವರ ಜಗಲಿಯೇ ಕಾಣುತ್ತಿಲ್ಲ! ದಾಸವಾಳ, ಕಣಗಿಲೆ, ಪಾರಿಜಾತ ಗುಡ್ಡೆ ಬಿದ್ದಿವೆ. ಪಕ್ಕದಲ್ಲಿ ನಾಲ್ಕು ಖಾಲಿ ಕವರು. ಅವ್ವ ಹಣೆಗೆ ವಿಭೂತಿ ಹಚ್ಚುತ್ತ ತಿರುಗಿದಳು.

"ಬಂದ್ಯಾ ತಮ್ಮಾ? ಚಡ್ಡಿ ಹರಕೊಂಡ್ಯೇನು? ಬಾಲ್ಕನಿಯಿಂದ ನೋಡಕೋತ, ಜಂಬಣ್ಣನ ಗ್ರಿಲ್ ಹುಷಾರ್ ಅಂತ ಬರೀಬೇಕಂದಿದ್ದೆ. ಅಷ್ಟರಾಗ ಹೂ ತರಾಕ ಹೊಂಟಿದ್ದೆ ನೋಡು."

"ಅವ್ವಾ... ನೀನಾ?"

"ಮೊದಲ ನಾಕು ದಿನ ದಾಸವಾಳ ಬಾಲ್ಕನಿಯಿಂದ ದೋಟಿ ಕೋಲಿಲೆ ನಾನ ಕಿತ್ತೆ. ಭುಜ ಹಿಡಕೊಂತು. ವಚನದ ಗ್ರೂಪ್ ಮಾಡಾಕ ನೀನ ಕಲಿಸಿದ್ದೆಲ್ಲ, ಹಂಗ ಇದನ್ನೂ ಮಾಡಿದೆ. ಈ ಓಣ್ಯಾಗ ಪೂಜಿಗೆ ಅಂತ ಕೇಳಿದ್ರ ಒಬ್ರೂ ಒಂದು ಹೂ ಕೊಡಲಿಲ್ಲ. ಕಳ್ಳರು ಬರ್ರಿ ಅಂದೆ, ಕವರ್‌ಗಟ್ಲೆ ತಂದಿಟ್ರು!"

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಕೆಂಚಪ್ಪ ಬಾಗಿಲು ದಬದಬ ಬಡಿದರು. "ಚನ್ನವೀರೇಶಾ! ಗೊತ್ತಾಯ್ತೇನೋ ಯಾರು ಅಂತ?"

ಅವ್ವ ವಿಭೂತಿ ಹತ್ತಿದ ಹೆಬ್ಬೆರಳಿನಿಂದ ಫೋನು ಒತ್ತಿದಳು. ಇವನ ಜೇಬಿನಲ್ಲಿ ಟಿಣ್. 'ಬಾಯಿ ಬಿಟ್ರೆ ಮೊದಲು ಹೋಗೋದು ನಿನ್ನ ಫೋಟೊ.'

ಹೇಳಿದರೂ ಮನೆ ಖಾಲಿ, ಹೇಳದಿದ್ದರೂ ಮನೆ ಖಾಲಿ. ಒಂದು ಕೈಯಲ್ಲಿ ಚಡ್ಡಿ, ಇನ್ನೊಂದು ಕೈ ಚಿಲಕದ ಮೇಲೆ. ಆ ಜಾಗದಲ್ಲಿ ನೀವಿದ್ದಿದ್ದರೆ, ನಿಜ ಹೇಳಿ, ಏನು ಮಾಡುತ್ತಿದ್ದಿರಿ?